ಊರು ಬಿಟ್ಟ ಹ್ಯಾಂಡಿಕ್ಯಾಪ್

ಕಳೆದ ವಾರದಿಂದ ನಮ್ಮ ಮನೆಯ ಕೆಂಪು ಹೇಂಟೆ ಗಾಲ್ಫ್ ಚೆಂಡಿಗೆ ಕಾವು ಕೂತಿದೆ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಹರಿದ ಶಾಮಿಯಾನದ ತುಂಡೊಂದರ ಮೇಲೆ ಕಣ್ಣು ಅರೆಮುಚ್ಚಿ, ಲೋಕದ ಗೊಡವೆ ತನಗೇಕೆ ಎಂಬಂತೆ ಕೂತಿದೆ. ಎಬ್ಬಿಸಲು ಹೋದ ನನ್ನ ಹೆಂಡತಿ ಲೀಲಾಳ ಕೈಗೆ ಕುಕ್ಕಿತು. ಕುಕ್ಕಿಸಿಕೊಂಡ ಕೈಯನ್ನು ಅವಳು ನೇರವಾಗಿ ನನ್ನ ಮೂಗಿನ ಮುಂದೆ ಹಿಡಿದಳು.

"ನೋಡಿ, ಥೇಟ್ ನಿಮ್ಮ ಹಾಗೆಯೇ. ಅದ್ರಿಂದ ಮರಿ ಬರುದಿಲ್ಲ ಅಂತ ಹೇಳಿದ್ರೆ ಅದಕ್ಕೂ ಗೊತ್ತಾಗುದಿಲ್ಲ."

ಇಷ್ಟು ಹೇಳಿಸಿಕೊಂಡ ಮೇಲೆ ಗಾಲ್ಫಿನ ವಿಷಯವನ್ನು ನಿಮ್ಮಿಂದ ಮುಚ್ಚಿಡುವುದು ಚೆನ್ನಾಗಿರುವುದಿಲ್ಲ. ಕುಂಬ್ರದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಮೋನಪ್ಪನಿಗೂ ಗಾಲ್ಫಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಸಂಬಂಧ ಕುರ್ಚಿಯದ್ದು. ಘಟ್ಟದ ಮೇಲೆ ಒಂದು ಎಸ್ಟೇಟ್ ಬಂಗಲೆಯ ಹಳೇ ಸಾಮಾನು ವಿಲೇವಾರಿ ಆಗುತ್ತದೆ ಎಂದು ಕೇಳಿ ಕುರ್ಚಿ ತರಲು ಪಿಕಪ್ ಮಾಡಿಕೊಂಡು ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುವ ರೈಟರು ಕುರ್ಚಿಗಳ ಮೇಲೆ ಒಂದು ಉದ್ದನೆಯ ಚರ್ಮದ ಚೀಲ ಇಟ್ಟು, "ಇದನ್ನು ಬಿಟ್ಟು ಕುರ್ಚಿ ಮಾತ್ರ ಕೊಡುವುದಿಲ್ಲ" ಎಂದರು. ಚೀಲದ ತುಂಬ ಕೊಕ್ಕೆಮೂತಿಯ ಕಬ್ಬಿಣದ ಕೋಲುಗಳು, ತಳದಲ್ಲಿ ಒಂದಷ್ಟು ಬಿಳಿ ಚೆಂಡುಗಳು. ಕುರ್ಚಿಗಳಲ್ಲಿ ಅರ್ಧಕ್ಕರ್ಧ ಮೊದಲ ಮದುವೆಯಲ್ಲೇ ಮುರಿದವು. ಕೋಲುಗಳು ಮಾತ್ರ ಗಟ್ಟಿಮುಟ್ಟಾಗಿ ಉಳಿದವು.

ಲೀಲಾ ಅವುಗಳಿಗೆ ಬೇಗನೆ ಕೆಲಸ ಹುಡುಕಿದಳು. ಉದ್ದದ್ದು ಮರದಿಂದ ಜೀಗುಜ್ಜೆ ಕೀಳಲು, ಮೋಟಾದದ್ದು ಬಚ್ಚಲೊಲೆಯ ಕೆಂಡ ಕೆದಕಲು. ಹೀಗೆ ಸಂಸಾರ ಸುಖವಾಗಿ ನಡೆಯುತ್ತಿರುವಾಗ ಒಂದು ದಿನ ಅಜ್ಜಾವರದಿಂದ ಶೇಷಪ್ಪ ಭಾವ ಬಂದರು.

ಶೇಷಪ್ಪ ಭಾವ ಎಂದರೆ ಲೀಲಾಳ ಅಣ್ಣ. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ, ಹಾಗಾಗಿ ನಮ್ಮ ಮನೆಯಲ್ಲಿ "ಭಾವನಿಗೆ ಚಾ ಕೊಡು" ಎಂದರೆ ಎರಡು ಲೋಟ ಬರುತ್ತದೆ. ನಮ್ಮದು ತುಳು ಮಾತಾಡುವ ಗೌಡರ ಮನೆ, ಅವರದ್ದು ಅರೆಭಾಷೆ. ನಡುವೆ ಜಗಳ ಬರಬಾರದೆಂದು ನಾವಿಬ್ಬರೂ ಕನ್ನಡ ಮಾತಾಡುತ್ತೇವೆ. ಅಂದು ಭಾವ ಬಚ್ಚಲಿಗೆ ಕಾಲು ತೊಳೆಯಲು ಹೋದವರು ಕೆಂಡ ಕೆದಕುವ ಕೋಲನ್ನು ಕಂಡು ಅಟೆನ್ಷನ್ನಿನಲ್ಲಿ ನಿಂತುಬಿಟ್ಟರು.

"ಲೀಲಾ, ಇದ್ ಎಂಥ ಅಂತ ಗೊತ್ತುಟ್ಟಾ ನಿಂಗೆ?" ಎಂದು ತಂಗಿಯನ್ನು ಅವರ ಭಾಷೆಯಲ್ಲಿ ಗದರಿ, ನನ್ನ ಕಡೆ ತಿರುಗಿ, "ಇದು ಐದನೇ ನಂಬ್ರದ ಐರನ್ ಭಾವ! ನಮ್ಮ ಕರ್ನಲ್ ಸಾಹೇಬರು ಇದನ್ನು ಹೆಂಡ್ತಿ ಕೈಗೂ ಕೊಡ್ತಿರ್ಲಿಲ್ಲ" ಎಂದರು.

ಕರ್ನಲ್ ಸಾಹೇಬರ ಚೀಲವನ್ನು ವರ್ಷಗಟ್ಟಲೆ ಹೊತ್ತು ಭಾವ ಗಾಲ್ಫಿನ ಸಕಲ ನಿಯಮಗಳನ್ನೂ ಕಲಿತಿದ್ದರು. ಹೊಡೆಯಲು ಮಾತ್ರ ಅವರಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ. ಅಂದು ಸಂಜೆಯೇ ನಮ್ಮ ಮನೆಯ ಹಿಂದಿನ ಪದವಿನಲ್ಲಿ ಆಟ ಶುರುವಾಯಿತು. ಪದವು ಎಂದರೆ ಗುಡ್ಡದ ನೆತ್ತಿಯ ಬೋಳು ಬಯಲು. ಹುಲ್ಲು ಕಡಿಮೆ, ಮುರಕಲ್ಲು ಜಾಸ್ತಿ. ಗುಳಿಗಳಿಗೆ ನನ್ನ ಅಂಗಡಿಯ ಚೆಂಬುಗಳನ್ನೇ ಹೂತೆವು. ಚೆಂಡು ಬಿದ್ದರೆ ಟಣ್ ಎಂದು ಶಬ್ದ ಬರುತ್ತಿತ್ತು. ಬಾವುಟಗಳಿಗೆ ಶಾಮಿಯಾನದ ಝಾಲರಿ. ದೂರದಿಂದ ನೋಡಿದವರು ಗುಡ್ಡದಲ್ಲಿ ಯಾರದ್ದೋ ಮದುವೆ ಅಂದುಕೊಳ್ಳಬೇಕು, ಹಾಗಿತ್ತು.

ಮುರಕಲ್ಲಿನ ಮೇಲೆ ಬಿದ್ದ ಚೆಂಡು ಎತ್ತ ಪುಟಿಯುತ್ತದೆ ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ನನಗೆ ಸಾಧ್ಯವಾಯಿತು. ಹುಟ್ಟಿದಾಗಿನಿಂದ ಎಡವಿದ ಕಲ್ಲುಗಳು ಅವು. ಯಾವ ಕಲ್ಲಿಗೆ ತಾಗಿಸಿದರೆ ಯಾವ ಚೆಂಬಿಗೆ ಎಂದು ಕಾಲಿನ ಹೆಬ್ಬೆರಳಿಗೇ ಗೊತ್ತಿತ್ತು. ಒಂದೆರಡು ತಿಂಗಳಾದ ಮೇಲೆ ಭಾವ ಗಂಭೀರವಾಗಿ, "ಭಾವ, ನಿಮ್ಗೆ ಹ್ಯಾಂಡಿಕ್ಯಾಪ್ ಹನ್ನೆರಡು" ಎಂದು ಘೋಷಿಸಿದರು.

ಹ್ಯಾಂಡಿಕ್ಯಾಪ್ ಎಂದರೆ ಇಷ್ಟೇ. ಕಡಿಮೆ ಹೊಡೆತದಲ್ಲಿ ಎಲ್ಲ ಗುಳಿಗಳನ್ನು ಮುಗಿಸಿದವನು ಗೆದ್ದ. ಆದರೆ ಎಲ್ಲರ ಕೈಯೂ ಒಂದೇ ಸಮ ಇರುವುದಿಲ್ಲವಲ್ಲ. ಹಾಗಾಗಿ ಕೈ ಸಾಗದವನ ಲೆಕ್ಕದಿಂದ ಕೊನೆಗೆ ಒಂದಷ್ಟು ಹೊಡೆತಗಳನ್ನು ಬಿಟ್ಟುಬಿಡುತ್ತಾರೆ. ಬಿಟ್ಟುಬಿಡುವ ಆ ಸಂಖ್ಯೆಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಗಟ್ಟಿಗನಿಗೆ ಕಡಿಮೆ, ನಮ್ಮಂಥವರಿಗೆ ಹೆಚ್ಚು. ನಮ್ಮ ಆಚೆಮನೆಯ ಗುಲಾಬಿ ಅಕ್ಕನಿಗೆ ಇದರ ಅರ್ಧ ಮಾತ್ರ ಕಿವಿಗೆ ಬಿತ್ತು. ಬೇಲಿಯ ಹತ್ತಿರ ಬಂದು ಲೀಲಾಳನ್ನು ಮರುಕದಿಂದ ಕೇಳಿದರು.

"ಮೋನಪ್ಪಣ್ಣನಿಗೆ ಹ್ಯಾಂಡಿಕ್ಯಾಪ್ ಅಂತೆ ಹೌದಾ? ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ನೋಡು. ಎಲ್ಲಿ, ಕಾಲಿಗಾ?"

"ಕಾಲಿಗಲ್ಲ ಅಕ್ಕ, ಇನ್ನೂ ಮೇಲೆ" ಎಂದಳು ಲೀಲಾ.

ಆಮೇಲೆ ಕೆಲವು ದಿನ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮೂರಿನವರು ಎದ್ದು ನನಗೆ ಸೀಟು ಬಿಡುತ್ತಿದ್ದರು. ಮೊದಲ ಎರಡು ಸಲ ಬೇಡ ಎಂದೆ. ಆಮೇಲೆ ಕೂತೆ.

ಚಿಕ್ಕಂದಿನಲ್ಲಿ ನಮಗೆ ಈ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ಕುಟ್ಟಿದೊಣ್ಣೆ, ಅಂದರೆ ಚಿನ್ನಿದಾಂಡು, ಆಡುವಾಗ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವನು ನಾನು. ಸಣ್ಣವನಿಗೆ ಒಂದು ಔಟ್ ಮಾಫಿ ಎಂದು ನಿಯಮ. ಆ ಮಾಫಿ ನನ್ನ ಹುಟ್ಟಿನೊಂದಿಗೇ ಬಂದ ಹಕ್ಕು, ಮೂಗು ಕಿವಿಯಂತೆ ಮೈಗೆ ಅಂಟಿಕೊಂಡದ್ದು ಎಂದೇ ನಾನು ತಿಳಿದಿದ್ದೆ. ಬೇಸಗೆ ರಜೆಗೆ ಸೋದರಮಾವನ ಮನೆಗೆ ಹೋದೆ. ಅಲ್ಲಿನ ಅಂಗಳದಲ್ಲಿ ಮೊದಲ ಏಟಿಗೇ ಔಟಾಗಿ, ಜಾಗ ಬಿಡದೆ, ದೊಣ್ಣೆ ಹಿಡಿದು ಠೀವಿಯಿಂದ ನಿಂತೆ. "ಎಂತ ನಿಂತದ್ದು? ಹೋಗು" ಎಂದರು. "ನನಗೆ ಮಾಫಿ ಉಂಟು" ಎಂದೆ. ಮಾವನ ಮಗಳು ಸೀತೆ, ಇನ್ನೂ ಮೂಗು ಸುರಿಸುತ್ತಿದ್ದ ಗಿಡ್ಡಿ, ಮುಂದೆ ಬಂದು, "ಇಲ್ಲಿ ಸಣ್ಣದು ನಾನು" ಎಂದಳು. ನಾನು ಆ ರಜೆಯ ಉದ್ದಕ್ಕೂ ದೊಡ್ಡವನಾಗಿಯೇ ಇರಬೇಕಾಯಿತು. ಅಷ್ಟು ಬೇಸರದ ರಜೆ ಮತ್ತೊಂದಿಲ್ಲ.

ಆ ಪಾಠ ಮರೆತುಹೋಗಿತ್ತು. ಅದನ್ನು ನೆನಪಿಸಿದ್ದು ಪಯಸ್ವಿನಿ ಹೊಳೆ. ನಮ್ಮ ಪದವಿನಲ್ಲಿ ನನಗೆ ಸೋತು ಸೋತು ಭಾವನಿಗೆ ಸಾಕಾಗಿ, ಬೇಸಗೆಯಲ್ಲಿ ಅಜ್ಜಾವರದ ಹತ್ತಿರ ಹೊಳೆಯ ನೀರು ಇಳಿದ ಮೇಲೆ ಮರಳಿನಲ್ಲಿ ತಮ್ಮದೇ ಮೈದಾನ ಮಾಡಿಕೊಂಡರು. ದೊಡ್ಡ ಊರುಗಳ ಗಾಲ್ಫ್ ಮೈದಾನದಲ್ಲಿ ಅಲ್ಲಲ್ಲಿ ಮರಳಿನ ಹೊಂಡ ಇಟ್ಟಿರುತ್ತಾರಂತೆ, ಚೆಂಡು ಬಿದ್ದವನು ಒದ್ದಾಡಲಿ ಎಂದು. ಭಾವನ ಮೈದಾನದಲ್ಲಿ ಹೊಂಡ ಹುಡುಕುವ ಕಷ್ಟವೇ ಇರಲಿಲ್ಲ, ಇಡೀ ಮೈದಾನವೇ ಹೊಂಡ. ನಾನು ಕಲ್ಲಿಗೆ ತಾಗಿಸಿ ಪುಟಿಸುವವನು. ಅಲ್ಲಿ ಚೆಂಡು ಬಿದ್ದಲ್ಲೇ ಪುಸಕ್ ಎಂದು ಹೂತುಹೋಗುತ್ತಿತ್ತು. ನನ್ನ ಹನ್ನೆರಡು ಹ್ಯಾಂಡಿಕ್ಯಾಪೂ ಎರಡನೇ ಗುಳಿ ಮುಟ್ಟುವ ಮೊದಲೇ ಖಾಲಿಯಾಯಿತು.

"ಭಾವ, ಈ ಹನ್ನೆರಡು ಇಲ್ಲಿಗೆ ಸಾಕಾಗುದಿಲ್ಲ. ಇನ್ನೊಂದು ಹನ್ನೆರಡು ಕೊಡಿ" ಎಂದೆ.

"ಹಾಗೆಲ್ಲ ಕೊಡ್ಲಿಕ್ಕೆ ಇದೆಂತ ಊಟಕ್ಕೆ ಕೂತ ಪಂಕ್ತಿಯಾ? ಹ್ಯಾಂಡಿಕ್ಯಾಪ್ ಮನುಷ್ಯನದ್ದು, ಜಾಗದ್ದಲ್ಲ" ಎಂದರು ಭಾವ.

ಮುಂದಿನ ತಿಂಗಳು ನಮ್ಮ ಪದವಿನಲ್ಲಿ ಅವರ ಚೆಂಡು ಮುರಕಲ್ಲಿಗೆ ಬಡಿದು ತಿರುಗಿ ಅವರದ್ದೇ ಮೊಣಕಾಲಿಗೆ ತಾಗಿತು. ಮೊಣಕಾಲು ಉಜ್ಜಿಕೊಳ್ಳುತ್ತ, "ಇದು ನನ್ನ ತಪ್ಪಲ್ಲ, ಜಾಗದ್ದು" ಎಂದರು. ನಾನು ಎರಡು ಲೋಟ ಚಾ ತರಿಸಿದೆ.

ಮೂರನೆಯವರು ಪಾಪಚ್ಚನ್. ಕಡಬದ ಹತ್ತಿರ ಅವರ ರಬ್ಬರ್ ತೋಟ. ಅಪ್ಪನ ಕಾಲದಲ್ಲಿ ಕೇರಳದಿಂದ ಬಂದವರು. ಮಗಳ ಮನಸಮ್ಮತಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಶಾಮಿಯಾನ ಹಾಕಲು ಹೋದಾಗ ನನ್ನ ಪಿಕಪ್ಪಿನಲ್ಲಿ ಚೀಲ ಕಂಡು, "ಇದೆಂತ ಮೋನಪ್ಪ, ಹಾವು ಹಿಡಿಯುದಾ?" ಎಂದು ಕೇಳಿದ್ದೇ ನೆಪ. ಅಣ್ಣನ ವಯಸ್ಸಿನವರಾದ್ದರಿಂದ ನಾನು ಅವರನ್ನು ಮಲಯಾಳದ ರೀತಿಯಲ್ಲಿ ಚೇಟ ಎಂದು ಕರೆಯುತ್ತೇನೆ. ಮುಂಡು ಎತ್ತಿ ಕಟ್ಟಿ ಮೊದಲ ಸಲ ಕೋಲು ಬೀಸಿದಾಗಲೇ ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಭಾವ ಅವರಿಗೆ ಕೊಟ್ಟ ಹ್ಯಾಂಡಿಕ್ಯಾಪ್ ಬರೀ ನಾಲ್ಕು. ಅದನ್ನು ಪಾಪಚ್ಚನ್ ಪದಕದಂತೆ ಹೇಳಿಕೊಂಡು ತಿರುಗಿದರು.

ಅವರ ರಬ್ಬರ್ ಗುಡ್ಡದಲ್ಲಿ ಆಡುವುದೆಂದರೆ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಆಡಿದಂತೆ. ಹೊಡೆದ ಚೆಂಡು ಮರದಿಂದ ಮರಕ್ಕೆ ಟಕ್ ಟಕ್ ಎಂದು ಬಡಿದು, ಮೇಲೆ ಹೋದದ್ದು ಉರುಳಿ ನಮ್ಮ ಕಾಲ ಬುಡಕ್ಕೇ ವಾಪಸ್ಸು. ಒಮ್ಮೆ ನನ್ನ ಚೆಂಡು ಮರಕ್ಕೆ ಕಟ್ಟಿದ ಹಾಲಿನ ಗೆರಟೆಯೊಳಗೆ ಬಿತ್ತು. ತೆಗೆಯುವುದರೊಳಗೆ ರಬ್ಬರ್ ಹಾಲು ಮೆತ್ತಿ ಒಣಗಿತು. ಆ ಚೆಂಡು ಇವತ್ತಿಗೂ ನೆಲಕ್ಕೆ ಬಿಟ್ಟರೆ ಎದೆಮಟ್ಟ ಹಾರುತ್ತದೆ. ಅದನ್ನು ಆಟದಲ್ಲಿ ಬಳಸಬಹುದೇ ಎಂದು ಭಾವ ಇನ್ನೂ ತೀರ್ಪು ಕೊಟ್ಟಿಲ್ಲ.

ಹೀಗೆ ನಾವು ಮೂವರೂ ನಮ್ಮ ನಮ್ಮ ಊರಿನಲ್ಲಿ ಹುಲಿಗಳು, ಪರವೂರಿನಲ್ಲಿ ಬೆಕ್ಕಿನ ಮರಿಗಳು. ಆದರೆ ಮೂರು ಊರಿನಲ್ಲೂ ನಮ್ಮನ್ನು ಸಮನಾಗಿ ಕಾಡಿದ್ದು ಕಳೆದುಹೋಗುವ ಚೆಂಡು.

ನಿಯಮದ ಪ್ರಕಾರ ಚೆಂಡು ಕಳೆದರೆ ದಂಡವಾಗಿ ಒಂದು ಹೊಡೆತ ಸೇರಿಸಬೇಕು. ನಮ್ಮ ಪದವಿನಲ್ಲಿ ಮೊದಲ ಸಲ ಚೆಂಡು ಪೊದೆಗೆ ಹೋದಾಗ ಲೀಲಾ ಕೆಳಗಿನಿಂದಲೇ ಕೂಗಿ ಹೇಳಿದಳು: "ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಳ್ಳಿ ಮಾರಾಯ್ರೆ, ಸುಮ್ಮನೆ ಮುಳ್ಳಿಗೆ ಕೈ ಹಾಕ್ಬೇಡಿ!" ನಮ್ಮ ಕಡೆ ಬೀಗದ ಕೈ, ಮೂಗುತಿ, ದನ, ಏನು ಕಳೆದರೂ ಅಜ್ಜನೆಂಬ ದೈವಕ್ಕೆ ಚಕ್ಕುಲಿ ಮತ್ತು ವೀಳ್ಯದ ಹರಕೆ ಹೇಳಿಕೊಳ್ಳುವುದು ಪದ್ಧತಿ. ಹೇಳಿಕೊಂಡೆ. ಕಾಲ ಬುಡದಲ್ಲೇ ಇತ್ತು ಚೆಂಡು. ಈಗ ದಂಡ ಉಂಟೋ ಇಲ್ಲವೋ? ಕರ್ನಲ್ ಸಾಹೇಬರಿಗೆ ಈ ಸಮಸ್ಯೆ ಬಂದಿರಲಿಲ್ಲವಾದ್ದರಿಂದ ಭಾವ ತುಂಬ ಹೊತ್ತು ಯೋಚಿಸಿದರು. "ಚೆಂಡು ಸಿಕ್ಕಿದ್ರಿಂದ ದಂಡ ಇಲ್ಲ. ಆದ್ರೆ ಚಕ್ಕುಲಿ ಕೊಡ್ಲೇಬೇಕು. ಕೊಡದಿದ್ರೆ ಹ್ಯಾಂಡಿಕ್ಯಾಪಿನಲ್ಲಿ ಒಂದು ಕಟ್" ಎಂದರು.

ಕಡಬದಲ್ಲಿ ಇದು ಇನ್ನಷ್ಟು ಗೋಜಲಾಯಿತು. ಅಲ್ಲಿ ನನ್ನ ಚೆಂಡು ಕಳೆದು, ನಾನು ಕಣ್ಣು ಮುಚ್ಚಿ ಚಕ್ಕುಲಿ ಹೇಳಿಕೊಳ್ಳುತ್ತಿದ್ದಂತೆ ಪಾಪಚ್ಚನ್ ತಡೆದರು.

"ನಿಲ್ಲು ಮೋನಪ್ಪ. ನಮ್ಮಲ್ಲಿ ಕಳೆದುಹೋದದ್ದನ್ನು ಹುಡುಕಿ ಕೊಡುದು ಅಂತೋಣಿ ಪುಣ್ಯಾಳನ್. ಅವ್ರಿಗೆ ಒಂದು ಕ್ಯಾಂಡಲ್."

"ಚಕ್ಕುಲಿ ಆಗ್ಲಿಕ್ಕಿಲ್ವಾ ಚೇಟ?"

"ಪುಣ್ಯಾಳನಿಗೆ ಚಕ್ಕುಲಿ ಕೊಟ್ರೆ ಅಚ್ಚನ್ ಬಂದು ತಿಂತಾರೆ ಅಷ್ಟೇ."

ಪುಣ್ಯಾಳನ್ ಎಂದರೆ ಸಂತ, ಅಚ್ಚನ್ ಎಂದರೆ ಅವರ ಇಗರ್ಜಿಯ ಪಾದ್ರಿಗಳು. ಭಾವ ರಬ್ಬರ್ ಮರಕ್ಕೆ ಒರಗಿ ನಿಂತು ತೀರ್ಪು ಕೊಟ್ಟರು: ಜಾಗ ಯಾರದ್ದೋ ಹರಕೆಯೂ ಅವರದ್ದೇ. ಕುಂಬ್ರ, ಅಜ್ಜಾವರದಲ್ಲಿ ಚಕ್ಕುಲಿ, ಕಡಬದ ಆ ತೋಟದಲ್ಲಿ ಮೇಣದಬತ್ತಿ. ಅಂದಿನಿಂದ ನನ್ನ ಗಾಲ್ಫ್ ಚೀಲದಲ್ಲಿ ಕೋಲುಗಳ ಜೊತೆ ಒಂದು ಚಕ್ಕುಲಿ ಪೊಟ್ಟಣ ಮತ್ತು ಒಂದು ಕಟ್ಟು ಮೇಣದಬತ್ತಿ ಖಾಯಂ ಆಯಿತು. ಕುಂಬ್ರದ ಬೇಕರಿಯವರಿಗೆ ನಾನು ಮಹಾ ದೈವಭಕ್ತ ಎಂಬ ಭಾವನೆ ಬಂದಿದೆ. ಚೆಂಡಿನ ವಿಷಯ ಅವರಿಗೆ ಹೇಳಿಲ್ಲ.

ಇಷ್ಟೆಲ್ಲ ನಗೆಯ ನಡುವೆ ಹೋದ ಮಳೆಗಾಲದಲ್ಲಿ ಪಾಪಚ್ಚನ್ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಕೈಯಿಂದ ಜಾರಿ ಬಿದ್ದದ್ದನ್ನು ನೋಡುತ್ತ ನಿಂತುಬಿಟ್ಟರಂತೆ. ಎತ್ತಿಕೊಳ್ಳಲು ಬಲಗೈ ಹೇಳಿದ ಮಾತು ಕೇಳಲಿಲ್ಲ. ಆಸ್ಪತ್ರೆ, ಔಷಧಿ, ವ್ಯಾಯಾಮ ಎಲ್ಲ ಆಗಿ ನಾಲಗೆ ಮೊದಲಿನಂತಾಯಿತು, ಕಾಲೂ ಸುಧಾರಿಸಿತು. ಬಲಗೈಯಲ್ಲಿ ಮಾತ್ರ ಹಳೆಯ ಬಿಗಿ ಬರಲಿಲ್ಲ. ಮಳೆ ಬಿಟ್ಟ ಮೇಲೆ ನಾವು ಮೂವರು ಮತ್ತೆ ಅವರ ತೋಟದಲ್ಲಿ ಸೇರಿದೆವು. ಆಟ ಶುರುವಾಗುವ ಮೊದಲು ಭಾವ ಗಂಟಲು ಸರಿಮಾಡಿಕೊಂಡು, "ಪಾಪಚ್ಚನ್, ಇನ್ನು ನಿಮ್ಗೆ ಹ್ಯಾಂಡಿಕ್ಯಾಪ್ ಇಪ್ಪತ್ತು" ಎಂದರು.

ಪಾಪಚ್ಚನ್ ಮುಖ ಕೆಂಪಗಾಯಿತು. "ಇದು ಆಟದ ಹ್ಯಾಂಡಿಕ್ಯಾಪಾ, ನನ್ನ ಕೈಯದ್ದಾ?"

"ಆಟದ್ದೇ ಮಾರಾಯ್ರೆ. ನಿಯಮ ಉಂಟು."

"ನನಗೆ ನಾಲ್ಕು ಅಂತ ಕೊಟ್ಟದ್ದು ನೀವೇ. ನನಗೆ ನಾಲ್ಕೇ ಸಾಕು."

ಅಂದು ಅವರು ನಾಲ್ಕರಲ್ಲೇ ಆಡಿದರು. ಮತ್ತು ಗೆದ್ದರು. ಹೇಗೆ ಗೆದ್ದರು ಎಂದರೆ, ಭಾವ ತಮ್ಮ ಚೆಂಡನ್ನು ಮೂರು ಸಲ ಬೇಕೆಂದೇ ಕೆಳಗಿನ ತೋಡಿನ ನೀರಿಗೆ ಹೊಡೆದರು. ನಾನು ಬೇಕೆಂದು ಹೊಡೆಯುವ ಅಗತ್ಯ ಬೀಳಲಿಲ್ಲ, ನನ್ನ ಚೆಂಡು ತಾನಾಗಿಯೇ ಹೋಗುತ್ತಿತ್ತು. ಪಾಪಚ್ಚನ್ ಕುರುಡರಲ್ಲ. ಕೋಲನ್ನು ಚೀಲಕ್ಕೆ ಹಾಕಿ ನಮ್ಮನ್ನು ಕೂರಿಸಿ ಹೇಳಿದರು:

"ನನ್ನ ತೋಟದಲ್ಲಿ ನನ್ನನ್ನು ಗೆಲ್ಲಿಸುದು ದೊಡ್ಡದಲ್ಲ. ನಮ್ಮ ಮೂವರಿಗೂ ಗೊತ್ತಿಲ್ಲದ ಜಾಗದಲ್ಲಿ ಒಂದು ಆಟ ಆಡುವ. ನಾಲ್ಕರಲ್ಲೇ. ನನ್ನ ನಾಲ್ಕು ಅಲ್ಲಿಯೂ ನಿಂತ್ರೆ ಆಡ್ತೇನೆ. ನಿಲ್ಲದಿದ್ರೆ ಈ ಕೋಲು ಮೋನಪ್ಪನ ಬಚ್ಚಲಿಗೆ ವಾಪಸ್ಸು. ಮತ್ತೆ ಕರೀಬೇಡಿ."

ವಾಪಸ್ಸು ಬರುವಾಗ ಪಿಕಪ್ಪಿನಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮೂವರಲ್ಲಿ ಒಬ್ಬರು ಬಿಟ್ಟರೆ ಉಳಿದಿಬ್ಬರು ಆಡಬಹುದು, ನಿಯಮದಲ್ಲಿ ತೊಂದರೆಯಿಲ್ಲ. ಆದರೆ ಕೋಲು ಬಿಟ್ಟ ಪಾಪಚ್ಚನ್ ಮನೆಯ ಜಗಲಿಯಲ್ಲಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂರುವುದನ್ನು ನೆನೆಯುತ್ತ ನಾನು ಕುಂಬ್ರದ ತಿರುವನ್ನೇ ದಾಟಿ ಮುಂದೆ ಹೋದೆ.

ಯಾರಿಗೂ ಗೊತ್ತಿಲ್ಲದ ಜಾಗ ನನ್ನ ಕಸುಬಿನಿಂದಲೇ ಸಿಕ್ಕಿತು. ಮರ್ಕಂಜದಲ್ಲಿ ಒಬ್ಬರು ಗುಡ್ಡವನ್ನು ಜೇಸಿಬಿಯಲ್ಲಿ ಸಪಾಟು ಮಾಡಿ ಮನೆ ಕಟ್ಟಿದ್ದರು. ಮನೆಒಕ್ಕಲಿಗೆ ಶಾಮಿಯಾನದ ಆರ್ಡರು ನನ್ನದು. ಎರಡು ದಿನ ಮೊದಲೇ ಹಾಕಿಸಿದ್ದೆ. ಮುನ್ನಾದಿನ ನಾವು ಮೂವರೂ ಕೋಲು ಹಿಡಿದು ಹೋದಾಗ ಮನೆಯವರು ಸುಳ್ಯಕ್ಕೆ ಸಾಮಾನು ತರಲು ಹೋಗಿದ್ದರು. ಅಡುಗೆಯ ಭಟ್ಟರು ಒಬ್ಬರೇ ಶಾಮಿಯಾನದ ಹಿಂದೆ ಕೂತು ನಾಳೆಗೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಅಂಗಳದ ತುಂಬ ಹೊಸ ಮಣ್ಣು, ಒಂದು ಕಡೆ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಬರೆ, ಇನ್ನೊಂದು ಕಡೆ ಕಾಡು. ನಮ್ಮಲ್ಲಿ ಯಾರ ಕಾಲಿಗೂ ಆ ನೆಲದ ಪರಿಚಯ ಇರಲಿಲ್ಲ.

"ಚೆಂಡು ಕುಂಬಳಕಾಯಿಗೆ ಬಿದ್ರೆ ನಾನು ಸಾಂಬಾರಿಗೆ ಹಾಕ್ತೇನೆ, ಆಮೇಲೆ ಕೇಳ್ಬೇಡಿ" ಎಂದು ಭಟ್ಟರು ಮೊದಲೇ ಎಚ್ಚರಿಸಿದರು.

ಅಲ್ಲಿ ನಮ್ಮ ಹ್ಯಾಂಡಿಕ್ಯಾಪುಗಳ ಗತಿ ಏನಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ನಾನು ಹುಡುಕಿದಲ್ಲಿ ಕಲ್ಲಿಲ್ಲ, ಭಾವ ಹುಡುಕಿದಲ್ಲಿ ಮರಳಿಲ್ಲ. ಭಾವನ ಚೆಂಡು ಶಾಮಿಯಾನದ ಮೇಲೆ ಬಿದ್ದು ಅಲ್ಲೇ ಮಲಗಿತು. ನಾನು ಬೆತ್ತದಿಂದ ಬಟ್ಟೆಯನ್ನು ಕೆಳಗಿನಿಂದ ತಿವಿದೆ, ಚೆಂಡಿನ ಜೊತೆ ರಾತ್ರಿಯ ಮಂಜಿನ ನೀರೂ ನನ್ನ ತಲೆಗೆ ಸುರಿಯಿತು. ನನ್ನ ಚೆಂಡು ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಸಿಕ್ಕಿಬಿತ್ತು. ಕುರ್ಚಿ ನನ್ನದೇ ಆದ್ದರಿಂದ ಅದು ಸ್ವಂತ ಆಸ್ತಿಯೊಳಗೆ ಬಿದ್ದಂತೆ ಎಂದು ವಾದಿಸಿದೆ. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಾಪಚ್ಚನ್ ಸರದಿ ಬಂತು. ಅವರು ನಮ್ಮಿಂದ ಸ್ವಲ್ಪ ದೂರ ಬರೆಯ ಪಕ್ಕ ಒಬ್ಬರೇ ನಿಂತಿದ್ದರು. ಎಡಗೈಯಿಂದ ಬಲಗೈಯನ್ನು ಕೋಲಿನ ಮೇಲೆ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ನನಗೆ ನೋಡಲಾಗದೆ ಮುಖ ತಿರುಗಿಸಿದೆ. ಕೋಲು ಬೀಸಿದ ಶಬ್ದ ಬಂತು.

"ಭಾರೀ ಹೊಡೆತ!" ಎಂದು ಭಾವ ಕೂಗಿದರು.

ನಾನೂ ಥಟ್ಟನೆ ಆಕಾಶ ನೋಡಿದೆ. ಚೆಂಡು ಶಾಮಿಯಾನದ ಮೇಲಿಂದ ಹಾದು, ಮಾವಿನ ಮರದ ಎಡಕ್ಕೆ ಸ್ವಲ್ಪ ತಿರುಗಿ ಕಾಡಿಗೆ ಇಳಿದದ್ದನ್ನು ಈ ಕಣ್ಣಿನಿಂದ ನೋಡಿದೆ. ಭಾವ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, "ಆ ಹಲಸಿನ ಬುಡ" ಎಂದರು. ಮೂವರೂ ಹುಡುಕಲು ಹೊರಟೆವು. ಕಾಡೆಂದರೆ ನೆಲ ಕಾಣದಷ್ಟು ತರಗೆಲೆ. ಹುಡುಕಿದಷ್ಟೂ ಪಾಪಚ್ಚನ್ ಸಪ್ಪೆಯಾಗುತ್ತಿದ್ದರು.

"ಬಿಡಿ, ಸಿಕ್ಕುದಿಲ್ಲ. ಮುಗೀತು. ಸಾಕು ನನಗೆ."

"ಹಾಗೆ ಹೇಳಿದ್ರೆ ಹೇಗೆ ಚೇಟ? ಅಜ್ಜನಿಗೆ ಹೇಳಿಕೊಳ್ಳುವ."

"ಇಲ್ಲಿ ಯಾರಿಗೆ ಹೇಳುದು? ಜಾಗ ನಮ್ಮ ಯಾರದ್ದೂ ಅಲ್ಲ."

ಭಾವ ಒಂದು ಕ್ಷಣವೂ ತಡಮಾಡಲಿಲ್ಲ. "ಗೊತ್ತಿಲ್ಲದ 
ಜಾಗದಲ್ಲಿ ಇಬ್ಬರಿಗೂ ಹೇಳ್ಬೇಕು. ನಿಯಮ." ಅಂಥ ನಿಯಮ ಎಲ್ಲೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಗಟ್ಟಿಯಾಗಿ ಚಕ್ಕುಲಿಯನ್ನೂ ಮೇಣದಬತ್ತಿಯನ್ನೂ ಹೇಳಿಕೊಂಡೆ. ಕಣ್ಣು ಮುಚ್ಚಿದ ಪಾಪಚ್ಚನ್ ತುಟಿ ಅಲ್ಲಾಡುತ್ತಿರುವಾಗಲೇ ಮರದ ಮರೆಗೆ ಸರಿದೆ. ಚೆಂಡುಗಳು ಕಲಸಿಹೋಗಬಾರದೆಂದು ನಾವು ಒಬ್ಬೊಬ್ಬರೂ ಗುರುತು ಹಾಕಿಕೊಂಡಿದ್ದೆವು. ಪಾಪಚ್ಚನ್ ಗುರುತು ನೀಲಿ ಶಿಲುಬೆ. ನನ್ನ ಜೇಬಿನಲ್ಲಿ ಹೆಚ್ಚಿನದೊಂದು ಚೆಂಡಿತ್ತು, ಬಾಡಿಗೆ ಪಾತ್ರೆಗಳಿಗೆ ಹೆಸರು ಬರೆಯುವ ಮಾರ್ಕರ್ ಪೆನ್ನೂ ಇತ್ತು. ಒಂದು ಶಿಲುಬೆ ಗೀಚಿ ಚೆಂಡನ್ನು ತರಗೆಲೆಯ ಮೇಲೆ ಇಟ್ಟೆ.

"ಸಿಕ್ಕಿತು!" ಎಂದು ಕೂಗಿದೆ.

"ಸಿಕ್ಕಿತು!" ಎಂದು ಹಲಸಿನ ಮರದ ಆಚೆಯಿಂದ ಭಾವ ಅದೇ ಗಳಿಗೆಯಲ್ಲಿ ಕೂಗಿದರು.

ನಿಯಮ ಮುರಿಯುವವರನ್ನು ಗುಂಡಿಕ್ಕಬೇಕು ಎನ್ನುವ ಮನುಷ್ಯ, ಹವಾಲ್ದಾರ್ ಶೇಷಪ್ಪ, ಕೈಯಲ್ಲಿ ಚೆಂಡು ಹಿಡಿದು ಬಂದರು. ಅದರ ಮೇಲೊಂದು ಕಪ್ಪು ಶಿಲುಬೆ. ಸ್ಕೇಲ್ ಇಟ್ಟು ಎಳೆದಷ್ಟು ನೇರ. ಅದು ಗಡಿಬಿಡಿಯಲ್ಲಿ ಮಾಡಿದ್ದಲ್ಲ, ಮನೆಯಿಂದಲೇ ಸಿದ್ಧ ಮಾಡಿ ತಂದದ್ದು. ಅವರು ನನ್ನ ಕೈಯ ಚೆಂಡನ್ನು ನೋಡಿದರು, ನಾನು ಅವರದ್ದನ್ನು ನೋಡಿದೆ. ನನ್ನ ಮಾರ್ಕರಿನ ಬಣ್ಣ ಕೆಂಪು ಎನ್ನುವುದು ಆಗಲೇ ನನಗೆ ಹೊಳೆದದ್ದು.

ಪಾಪಚ್ಚನ್ ಎರಡೂ ಚೆಂಡುಗಳನ್ನು ಇಸಕೊಂಡು ಅಂಗೈಯಲ್ಲಿ ಹೊರಳಿಸಿದರು. "ಎನ್ಟೆ ಕರ್ತಾವೇ!" ಎಂದು ದೇವರನ್ನು ಕರೆದರು. ಆಮೇಲೆ ನಿಧಾನವಾಗಿ ಸೊಂಟದಲ್ಲಿ ಮುಂಡಿನ ಮಡಿಕೆ ಬಿಚ್ಚಿ ಮೂರನೆಯ ಚೆಂಡು ಹೊರತೆಗೆದರು. ನೀಲಿ ಶಿಲುಬೆ.

"ಹಾಗಾದ್ರೆ ಇದು ಯಾರದ್ದು?"

ಶಾಮಿಯಾನದ ಕಡೆಯಿಂದ ಭಟ್ಟರ ಕತ್ತಿಯ ಕಚ ಕಚ ಕೇಳುತ್ತಿತ್ತು.

"ಮತ್ತೆ ನೀವು ಹೊಡೆದದ್ದು?" ಎಂದರು ಭಾವ.

"ಗಾಳಿಗೆ. ಕೋಲು ಚೆಂಡಿಗೆ ತಾಗ್ಲೇ ಇಲ್ಲ. ನಿಮ್ಮೆದುರು ಹೇಗೆ ಹೇಳುದು ಅಂತ ಬಗ್ಗಿ ಎತ್ತಿ ಮಡಿಕೆಗೆ ಹಾಕಿದೆ."

"ಇಲ್ಲ ಚೇಟ, ಶಾಮಿಯಾನದ ಮೇಲಿಂದ ಹೋದದ್ದು ನಾನು ನೋಡಿದ್ದೇನೆ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಾನು ನಿಜವಾಗಿ ನೋಡಿದ್ದೆ.

ಪಾಪಚ್ಚನ್ ನಗಲು ಶುರುಮಾಡಿದರು. ನಗುತ್ತ ನಗುತ್ತ ಹಲಸಿನ ಬುಡದಲ್ಲಿ ಕೂತರು. ಭಾವ ತಡೆಯಲು ನೋಡಿ, ಆಗದೆ ಅವರೂ ನಕ್ಕರು. ನನಗೆ ನಗುವಿನ ಜೊತೆ ಅಳುವೂ ಬಂತು, ಮುಖ ಒರೆಸಿಕೊಳ್ಳಲು ಹೋಗಿ ಮಾರ್ಕರಿನ ಕೆಂಪನ್ನು ಕೆನ್ನೆಗೆ ಬಳಿದುಕೊಂಡೆ. ಕುಂಬಳಕಾಯಿ ಬಿಟ್ಟು ಓಡಿಬಂದ ಭಟ್ಟರು ನನ್ನ ಕೆನ್ನೆ ನೋಡಿ ಗಾಯವೆಂದು ಗಾಬರಿಪಟ್ಟರು.

ಕೊನೆಗೆ ಭಾವ ಎದ್ದುನಿಂತು ಅಂಗಿ ಸರಿಮಾಡಿಕೊಂಡರು. "ಗಾಳಿಗೆ ಹೊಡೆದದ್ದೂ ಒಂದು ಹೊಡೆತ. ಅದು ಮಾತ್ರ ನಿಜವಾದ ನಿಯಮ. ಚೆಂಡು ಮೊದಲಿದ್ದ ಜಾಗದಲ್ಲೇ ಇಟ್ಟು ಆಡ್ಬೇಕು. ಹ್ಯಾಂಡಿಕ್ಯಾಪ್ ಎಷ್ಟು ಅಂತ ನೀವೇ ಹೇಳಿ, ಪಾಪಚ್ಚನ್. ನಾನು ಹೇಳುದಿಲ್ಲ."

ಪಾಪಚ್ಚನ್ ಮರ ಹಿಡಿದು ಎದ್ದರು. ಕೆಂಪು ಶಿಲುಬೆಯ ಚೆಂಡನ್ನು ನನ್ನ ಜೇಬಿಗೆ, ಕಪ್ಪು ಶಿಲುಬೆಯದ್ದನ್ನು ಭಾವನ ಜೇಬಿಗೆ ಹಾಕಿದರು.

"ನಾಲ್ಕೂ ಅಲ್ಲ, ಇಪ್ಪತ್ತೂ ಅಲ್ಲ. ನನಗೆ ಹ್ಯಾಂಡಿಕ್ಯಾಪ್ ಎರಡು" ಎಂದು ನಮ್ಮಿಬ್ಬರ ಕಡೆ ಬೆರಳು ತೋರಿಸಿದರು. "ಯಾವ ಊರಿಗೆ ಹೋದ್ರೂ ಬಿಡುದಿಲ್ಲ, ಹಿಂದೆಯೇ ಬರ್ತವೆ."

ಬರೆಯ ಪಕ್ಕಕ್ಕೆ ನಡೆದು ನೀಲಿ ಶಿಲುಬೆಯ ಚೆಂಡನ್ನು ಹೊಸ ಮಣ್ಣಿನ ಮೇಲಿಟ್ಟರು. ಬಲಗೈಯ ಬೆರಳುಗಳನ್ನು ಕೋಲಿನ ಸುತ್ತ ಮಡಚಲು ನೋಡಿದರು, ಆಗಲಿಲ್ಲ. ಕೈಯನ್ನು ನನ್ನ ಕಡೆ ಚಾಚಿ, "ಎಂತ ನೋಡುದು ಮೋನಪ್ಪ, ಸ್ವಲ್ಪ ಮಡಚಿಕೊಡು" ಎಂದರು. ನಾನು ನಾಲ್ಕು ಬೆರಳುಗಳನ್ನು ಮಡಚಿದೆ, ಹೆಬ್ಬೆರಳನ್ನು ಭಾವ ಮಡಚಿದರು.

"ಆಯ್ತು. ಇನ್ನು ಆಚೆ ನಿಲ್ಲಿ."

ನಾವಿಬ್ಬರೂ ಆಚೆ ನಿಂತೆವು. ಈ ಸಲ ಆಕಾಶ ನೋಡಲಿಲ್ಲ, ಚೆಂಡನ್ನೇ ನೋಡಿದೆವು.